ಡೆಂಟು ಓದುವ ಸರದಿ

ಡೆಂಟುವಿನ ಕೈಗೆ ಸಿಕ್ಕಿ ಹಲ್ಲು ಕಳೆದುಕೊಂಡವರು, ತುಟಿ ಒಡೆಸಿಕೊಂಡವರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಇಟ್ಟುಕೊಂಡೇ ತಿರುಗುವವರು ನಮ್ಮ ತರಗತಿಯ ತುಂಬ ಇದ್ದರು. ಅವನಪ್ಪನದು ಗ್ಯಾರೇಜು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗನ್ನು ಬಡಿದು ನೇರ ಮಾಡುವ ಕೆಲಸ. ಅಪ್ಪ ಡೆಂಟು ತೆಗೆಯುತ್ತಾನೆ, ಮಗ ಡೆಂಟು ಹಾಕುತ್ತಾನೆ ಎಂದು ಯಾರೋ ಅಂದದ್ದೇ ಹೆಸರಾಗಿ ಅಂಟಿಕೊಂಡಿತು. ಹಾಗೆ ಅಂದವನಿಗೆ ಈಗ ಮುಂದಿನ ಹಲ್ಲಿಲ್ಲ.

ಇಂಥ ಮಹಾನುಭಾವನನ್ನು ಕನ್ನಡದ ಮೇಷ್ಟ್ರು ತಂದು ನನಗೆ ಜೋಡಿ ಮಾಡಿದರು. ಹತ್ತನೆಯ ತರಗತಿಗೆ ಹಳೆಯ ಕಾದಂಬರಿಯೊಂದು ಪಠ್ಯ: ಅಂಬಿಗನೊಬ್ಬ ತನ್ನ ಅಣ್ಣನನ್ನೇ ದೋಣಿಯ ಹುಟ್ಟಿನಿಂದ ಬಡಿದು ಕೊಲ್ಲುವ ಕಥೆ. ಇಬ್ಬರಿಗೊಂದು ಪುಸ್ತಕ. ಕೂತು ಓದಿ, ಕೊನೆಗೆ ಎಲ್ಲರ ಮುಂದೆ ನಿಂತು ಒಂದು ಅಧ್ಯಾಯವನ್ನು ಸರದಿಯಂತೆ ಗಟ್ಟಿಯಾಗಿ ಓದಬೇಕು. ನನ್ನ ಹಣೆಬರಹ ಎಂದುಕೊಂಡು ಬೆಂಚಿನ ತುದಿಗೆ ಸರಿದು ಕೂತೆ.

ಮೊದಲ ದಿನ ಮೇಷ್ಟ್ರು ಹಿಂದಿನ ಬೆಂಚಿನಿಂದ ಒಬ್ಬೊಬ್ಬರನ್ನೇ ಓದಿಸುತ್ತ ಬಂದರು. ನಮ್ಮ ಹಿಂದಿನವನು ಓದಿ ಕೂರುತ್ತಿದ್ದಂತೆ ಡೆಂಟು ತಿರುಗಿ, ಸುಮ್ಮಸುಮ್ಮನೆ, ಅವನ ತಲೆ ಹಿಡಿದು ಡೆಸ್ಕಿಗೆ ಕುಟ್ಟಿದ. ಹುಬ್ಬು ಒಡೆದು ಪುಸ್ತಕದ ಮೇಲೆಲ್ಲ ರಕ್ತ. ಡೆಂಟುವನ್ನು ಹೊರಗೆ ಅಟ್ಟಿದರು. ಹೋಗುವಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸದ್ಯ ಬಚಾವಾದೆ ಎನ್ನುವವನ ಮುಖ ಅದು. ಆಗ ಹೊಳೆಯಿತು: ಅವನ ಹೊಡೆದಾಟ ಒಂದೂ ಆಟದ ಮೈದಾನದಲ್ಲಿ ನಡೆದಿರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಅವನು ಓದುವ ಸರದಿ ಬರುವ ಮುಂಚೆ ನಡೆದಿದ್ದವು.

ಮರುದಿನ ಮೆಟ್ಟಿಲ ಹತ್ತಿರ ನೇರವಾಗಿ ಕೇಳಿದೆ. "ನಿಂಗೆ ಓದೋಕೆ ಬರಲ್ಲ ಅಲ್ವಾ?"

ಅವನು ನನ್ನ ಮಣಿಕಟ್ಟು ಹಿಡಿದು ತಿರುಚಿದ. ನನ್ನ ಕಣ್ಣಲ್ಲಿ ನೀರು ಬಂತು. "ಯಾರ ಹತ್ರನಾದ್ರೂ ಬಾಯಿ ಬಿಟ್ರೆ ಕೈ ಮುರಿದು ಹಾಕ್ತೀನಿ."

"ಮುರಿ. ಆಮೇಲೆ ಪುಸ್ತಕ ಯಾರು ಹಿಡ್ಕೋತಾರೆ, ನಿಮ್ಮ ತಾತನಾ? ಮೇಷ್ಟ್ರಿಗೆ ಹೇಳ್ಬಿಡೋ."

"ಅಕ್ಷರ ಎಲ್ಲಾ ಒಂದರ ಮೇಲೊಂದು ಬೀಳುತ್ತೆ ಕಣೇ," ಎಂದು ಕೈ ಬಿಟ್ಟ. "ನನ್ನ ನೋಡಿ ಎಲ್ಲರೂ ಹೆದರ್ಲಿ. ನಗಬಾರದು, ಅಷ್ಟೇ."

ಆದರೆ ಹೊಡೆದು ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿತ್ತು. ಇನ್ನೊಬ್ಬರ ಮೇಲೆ ಕೈ ಎತ್ತಿದರೆ ಶಾಲೆಯಿಂದಲೇ ಹೊರಗೆ ಎಂದು ಹೆಡ್ಮೇಡಂ ಅವನಪ್ಪನನ್ನು ಕರೆಸಿ ಹೇಳಿದ್ದರು. ಅಪ್ಪ ಅಂದೇ ಬ್ರೇಕಿನ ಕೇಬಲ್ಲು ತೆಗೆದುಕೊಂಡಿದ್ದ. ಡೆಂಟು ಅಂಗಿ ಎತ್ತಿ ತೋರಿಸಿದ. ಬೆನ್ನಿನ ತುಂಬ ಬಾಸುಂಡೆ, ಎರಡು ಕಡೆ ಚರ್ಮ ಸುಲಿದು ರಕ್ತ ಹೆಪ್ಪುಗಟ್ಟಿತ್ತು. "ಹೊರಗೆ ಹಾಕಿದ್ರೆ ಸುತ್ತಿಗೆ ತಗೋತಾರಂತೆ," ಎಂದ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ನಾನು ಓದುವುದು, ಅವನು ಕೇಳುವುದು. ಒಂಬತ್ತನೆಯ ಅಧ್ಯಾಯವನ್ನು ಆರಿಸಿಕೊಂಡೆವು, ಕೊಲೆಯ ಅಧ್ಯಾಯ. ಎರಡು ಸಲ ಕೇಳಿದರೆ ಸಾಕು, ಅಲ್ಪವಿರಾಮ ಕೂಡ ತಪ್ಪದೆ ಒಪ್ಪಿಸುತ್ತಿದ್ದ. ಬುರುಡೆ ಬಿರಿಯುವ ಸಾಲು ಬಂದಾಗ ಒಮ್ಮೆ ನಿಲ್ಲಿಸಿದ. "ಅಂಬಿಗ ದೋಣಿಗೋಸ್ಕರ ಕೊಂದಿದ್ದಲ್ಲ ಕಣೇ. ಅಣ್ಣ ಎಲ್ಲರ ಮುಂದೆ ನಕ್ಕ, ಅದಕ್ಕೆ." ತರಗತಿಯಲ್ಲಿ ಯಾರಿಗೂ, ಮೇಷ್ಟ್ರಿಗೂ, ಅದು ಹೊಳೆದಿರಲಿಲ್ಲ. ಪೂರ್ತಿ ಅಂಕ ನಮಗೇ ಎಂದು ಬೀಗಿದೆ.

ನಮ್ಮ ದಿನ ಬಂತು. ಇಬ್ಬರೂ ಮುಂದೆ ನಿಂತೆವು.

"ಒಂಬತ್ತು ಕೇಳಿ ಕೇಳಿ ಸಾಕಾಯ್ತು," ಎಂದರು ಮೇಷ್ಟ್ರು. "ನೀವಿಬ್ರೂ ಹನ್ನೆರಡು ಓದಿ."

ಹನ್ನೆರಡನ್ನು ಅವನಿಗೆ ಒಮ್ಮೆಯೂ ಓದಿ ಹೇಳಿರಲಿಲ್ಲ. ನನ್ನ ಪಾಲಿನ ಪ್ಯಾರಾವನ್ನು ಎಳೆದೆಳೆದು ಓದಿದೆ. ಎಷ್ಟೆಂದು ಎಳೆಯಲಿ, ಮುಗಿಯಿತು. ಪುಸ್ತಕ ಅವನ ಕಡೆ ತಿರುಗಿತು. ಹೊಲಿಗೆ ಹಾಕಿದ ಹುಬ್ಬಿನವನು ತನ್ನ ಬೆಂಚಿನಲ್ಲಿ ಕೂತು ಕಿಸಕ್ಕೆಂದ. ಡೆಂಟುವಿನ ಮುಷ್ಟಿ ಬಿಗಿಯಿತು, ಒಂದು ಹೆಜ್ಜೆ ಮುಂದಿಟ್ಟ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಶಾಲೆಯೂ ಹೋಗುತ್ತಿತ್ತು, ಬೆನ್ನೂ ಹೋಗುತ್ತಿತ್ತು.

ನನ್ನಮ್ಮ ಆಸ್ಪತ್ರೆಯಲ್ಲಿ ನರ್ಸು. ಮೂಗಿನ ಏಟು ನೋಡೋಕೆ ಘೋರ, ವಾಸಿಯಾಗೋದು ಬೇಗ ಎಂದು ಊಟದ ಹೊತ್ತಲ್ಲೇ ಹೇಳುವವಳು. ನಾನು ಪುಸ್ತಕ ಕಸಿದು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು, ಅದರ ಗಟ್ಟಿ ರಟ್ಟಿನ ಬೆನ್ನನ್ನು ಡೆಂಟುವಿನ ಮೂಗಿಗೆ ಬೀಸಿದೆ. ಲಟಕ್ಕೆಂದಿತು. ರಕ್ತ ಗಲ್ಲದಿಂದ ಅಂಗಿಗೆ, ಅಂಗಿಯಿಂದ ನೆಲಕ್ಕೆ ಇಳಿಯಿತು. ಯಾರಿಗೂ ಅನುಮಾನ ಬರಬಾರದೆಂದು ಇನ್ನೊಂದು ಬಿಗಿದೆ. ಅವನು ಮಂಡಿಯೂರಿ ಬಿದ್ದ. ನನ್ನತ್ತ ನೋಡಿದ. ಅರ್ಥವಾಗಿತ್ತು. ಕೈ ಎತ್ತಲಿಲ್ಲ.

ಹೆಡ್ಮೇಡಂ ಕೋಣೆಯಲ್ಲಿ ಅವನ ಮೂಗಿಗೆ ಹತ್ತಿ ತುರುಕಿದ್ದರು. "ಯಾಕೆ ಹೊಡೆದೆ?" ಎಂದು ನನ್ನನ್ನು ಕೇಳಿದರು. ನಾನು ನೆಲ ನೋಡಿದೆ. ಮತ್ತೆ ಕೇಳಿದರು.

"ಕಾರಣ ಹೇಳಲ್ಲ ಅಂದ್ರೆ ಅವನಿಗೆ ಹಾಕಿದ್ದ ನಿಯಮವೇ ನಿನಗೂ. ನಾಳೆಯಿಂದ ಬರಬೇಡ."

ಆದರೂ ಹೇಳಲಿಲ್ಲ. ಹೇಳಿಬಿಟ್ಟರೆ ಹೊಡೆದದ್ದೇ ದಂಡ.

"ನಂಗೆ ಓದೋಕೆ ಬರಲ್ಲ ಮೇಡಂ," ಎಂದ ಡೆಂಟು, ಹತ್ತಿಯೊಳಗಿಂದ. "ನನ್ನ ಸರದಿ ಬಂದಿತ್ತು. ಅದಕ್ಕೆ ಹೊಡೆದಳು."

ಹೆಡ್ಮೇಡಂ ಪೆನ್ನು ಕೆಳಗಿಟ್ಟರು. ನಗಲಿಲ್ಲ. ನಾಳೆ ಇಬ್ಬರೂ ಬನ್ನಿ ಎಂದರು. ನನಗೆ ಮಾತ್ರ ನಖಶಿಖಾಂತ ಉರಿಯಿತು. ಹೊರಗೆ ಬಂದದ್ದೇ ಅವನ ಅಂಗಿಯ ಕೊರಳು ಹಿಡಿದೆ.

"ಇಷ್ಟು ಸುಲಭವಾಗಿ ಹೇಳೋ ಹಾಗಿದ್ರೆ ನನ್ನ ಕೈಯಲ್ಲಿ ಮೂಗು ಯಾಕೋ ಒಡೆಸ್ಕೊಂಡೆ?"

"ಸುಲಭ ಅಂತ ಯಾರೇ ಹೇಳಿದ್ದು?" ಎಂದು ಎರಡೂ ಕೈ ಮುಂದೆ ಹಿಡಿದ. ಅಷ್ಟು ಜನರ ಹಲ್ಲು ಉದುರಿಸಿದ ಕೈಗಳು ಗಡಗಡ ನಡುಗುತ್ತಿದ್ದವು.