ಸೀಟಿ ಹೊಡೆಯುವ ಘಟಸರ್ಪ

ಪುಕ್ಕ ಬಿಡಿಸುವ ಮನೆಯಲ್ಲಿ ಬಾಗಿಲನ್ನು ದಡಾರನೆ ತೆಗೆಯಬಾರದು, ಜೋರಾಗಿ ಸೀನಲೂಬಾರದು. ಮೂರು ಭಾಷೆಯವರು ಕೂಡಿ ಬಾಳುವ ಬನಾತ್ ಸೀಮೆಯ ಆ ಹಳ್ಳಿಯಲ್ಲಿ ಎಳೆಗೂಸಿಗೂ ಇದು ಗೊತ್ತು. ಕಥೆ ಸಂಗ್ರಹಿಸಲು ಪಟ್ಟಣದಿಂದ ಬಂದ ಟ್ರಾಯನ್ ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಬಾಗಿಲು ತಳ್ಳಿದ್ದೇ ತಡ, ಮೇಜಿನ ಮೇಲಿದ್ದ ಪುಕ್ಕದ ರಾಶಿ ಸೂರಿಗೆ ಹಾರಿತು. ಹೆಂಗಸರೆಲ್ಲ ಅಯ್ಯಯ್ಯೋ ಎಂದು ಅದರ ಮೇಲೆ ಕವುಚಿಬಿದ್ದರು.

ಅದು ಸೆರ್ಬರ ಹುಡುಗಿ ಮಿಲೆವಾಳ ಮದುವೆಯ ಹಾಸಿಗೆಗೆಂದು ಕೂಡಿಸಿದ ಪುಕ್ಕ. ಸೆರ್ಬರು, ರೊಮೇನಿಯನ್ನರು, ಹಂಗೇರಿಯನ್ನರು, ಎಲ್ಲರ ಮನೆಯ ಹೆಬ್ಬಾತುಗಳದ್ದೂ ಅದರಲ್ಲಿತ್ತು. ದಂಟಿನಿಂದ ಎಳೆ ಬಿಡಿಸುವಾಗ ಕೈ ಪುಕ್ಕಕ್ಕೆ, ಕಿವಿ ಕಥೆಗೆ. ಕಥೆ ಹೇಳುವವಳು ರೊಮೇನಿಯನ್ನರ ಪೆರ್ಸಿದಜ್ಜಿ.

ಅಜ್ಜಿ ಹಬ್ಬದ ತಲೆವಸ್ತ್ರ ಕಟ್ಟಿಕೊಂಡು ಕಾದಿದ್ದಳು. ಎಪ್ಪತ್ತೆಂಟು ದಾಟಿತ್ತು, ತಾನು ಮಣ್ಣಾದ ಮೇಲೂ ಕಥೆ ಉಳಿಯಬೇಕು, ಅದಕ್ಕೆ ಪುಸ್ತಕವೊಂದೇ ದಾರಿ ಎಂದು ನಂಬಿದ್ದಳು. ಮೇಷ್ಟ್ರು ತಂದಿದ್ದ ಟೇಪ್ ರೆಕಾರ್ಡರ್ ತಿರುಗತೊಡಗಿತು. ಅಜ್ಜಿಯ ಬಾಯಲ್ಲಿ ಕಥೆಯ ಹುಡುಗಿ ರೊಮೇನಿಯನ್ನಿನಲ್ಲಿ ಅತ್ತಳು, ಗಿರಣಿಯವನು ಸೆರ್ಬಿಯನ್ನಿನಲ್ಲಿ ಬೈದ. ಬಾವಿಯೊಳಗಿನ ಘಟಸರ್ಪ ಸೀಟಿ ಹೊಡೆಯುತ್ತ ಹಂಗೇರಿಯನ್ನಿನಲ್ಲಿ ಬಾಯಿ ತೆರೆಯುತ್ತಿದ್ದಂತೆ ಮೇಷ್ಟ್ರು ಟೇಪ್ ನಿಲ್ಲಿಸಿದರು.

"ಅಜ್ಜಿ, ಇದು ರೊಮೇನಿಯನ್ ಕಥೆಗಳ ಪುಸ್ತಕ. ಸರ್ಪಾನೂ ನಮ್ಮ ಭಾಷೇಲೇ ಮಾತಾಡ್ಲಿ. ಆ ಸೀಟೀನೂ ಬೇಡ, ಬೇರೆ ಯಾವ ಊರಲ್ಲೂ ಸರ್ಪ ಸೀಟಿ ಹೊಡಿಯಲ್ಲ."

ಬೇರೆ ಊರಲ್ಲಿ ಹೊಡೆಯುವುದೆಲ್ಲಿಂದ? ಅಜ್ಜಿಯ ಕಥೆಯಲ್ಲಿ ಐವತ್ತು ವರ್ಷ ಸರ್ಪದ ಮಾತು ಹೇಳುತ್ತಿದ್ದವಳು ಪಕ್ಕದ ಮನೆಯ ಹಂಗೇರಿಯನ್ ಗೆಳತಿ ಪಿರೋಷ್ಕಾ. ಅವಳ ಮುಂದಿನ ಎರಡು ಹಲ್ಲು ಬಿದ್ದಂದಿನಿಂದ ಈ ಊರಿನ ಸರ್ಪ ಸೀಟಿ ಹೊಡೆಯುತ್ತಿತ್ತು. ಅವಳು ಸತ್ತು ಮೂರು ವರ್ಷವಾಗಿತ್ತು, ಅಂದಿನಿಂದ ಅಜ್ಜಿಯೇ ಅವಳ ಹಾಗೆ ಸೀಟಿ ಹಾಕಿ ಹೇಳುತ್ತಿದ್ದಳು.

ಪುಸ್ತಕದ ಆಸೆ ಬಿಡಬೇಕಲ್ಲ! ಪೆರ್ಸಿದಜ್ಜಿ ಸರ್ಪದ ಮಾತನ್ನು ರೊಮೇನಿಯನ್ನಿನಲ್ಲಿ ಹೇಳಲು ನೋಡಿದಳು. ಎರಡು ಪದಕ್ಕೇ ಅದು ಸರ್ಪದ ಮಾತೇ ಅಲ್ಲವೆನಿಸಿ ನಿಲ್ಲಿಸಿದಳು. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟು! ರಾಶಿಯಿಂದ ಒಂದು ಹಿಡಿ ಪುಕ್ಕ ಬಾಚಿ ಟೇಪಿನ ಮೇಲೆ ಎಸೆದಳು.

"ತಗೊಳ್ಳಿ ಮೇಷ್ಟ್ರೇ! ಇದರಲ್ಲಿ ರೊಮೇನಿಯನ್ ಹೆಬ್ಬಾತಿನ ಪುಕ್ಕ ಯಾವ್ದು, ಆರಿಸಿ ಇಡಿ. ನೀವು ಆರಿಸಿದ ಮೇಲೆ ನಾನೂ ಕಥೆ ಆರಿಸಿ ಕೊಡ್ತೀನಿ."

"ಹಟ ಮಾಡಿದ್ರೆ ಈ ಕಥೆ ನಿಮ್ಮ ಜೊತೇಲೇ ಮಣ್ಣಿಗೆ ಹೋಗುತ್ತೆ, ಅಜ್ಜಿ."

"ಹೋದ್ರೆ ಹೋಗ್ಲಿ! ಪಿರೋಷ್ಕಾಳ ನಾಲಿಗೆ ಕಿತ್ತು ನನ್ನ ಹೆಸರು ಅಚ್ಚು ಹಾಕಿಸ್ಕೊಳ್ಳೋಷ್ಟು ಗತಿಗೆಟ್ಟಿಲ್ಲ ನಾನು. ಹೊರಡಿ. ಬಾಗಿಲು ಮೆಲ್ಲಗೆ ಹಾಕ್ಕೊಳ್ಳಿ."

ಮೇಷ್ಟ್ರು ಮೆಲ್ಲಗೇ ಹಾಕಿಕೊಂಡು ಹೋದರು. ಅಜ್ಜಿ ತಾನೆಸೆದ ಪುಕ್ಕವನ್ನು ಬಾಚಿ ಮತ್ತೆ ರಾಶಿಗೆ ಸೇರಿಸಿದಳು. ಬಾಯಲ್ಲಿ ಏನೇ ಅಂದಿದ್ದರೂ, ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಳು.

"ಬಾವಿ ಹತ್ರ ನಿಲ್ಸಿದ್ರಿ ಅಜ್ಜಿ," ಎಂದಳು ಎದುರಿಗೆ ಕೂತಿದ್ದ ಮಿಲೆವಾ. ಅಜ್ಜಿ ಇನ್ನೊಂದು ಪುಕ್ಕ ಎತ್ತಿಕೊಂಡಳು. ಆಗ ಮಿಲೆವಾ ನಾಲಿಗೆಯನ್ನು ಹಲ್ಲಿಗೆ ಒತ್ತಿ, ಸರ್ಪದ ಮಾತನ್ನು ಹಂಗೇರಿಯನ್ನಿನಲ್ಲಿ, ಥೇಟ್ ಪಿರೋಷ್ಕಾಳ ಹಾಗೆ ಸೀಟಿ ಹಾಕುತ್ತ ಹೇಳಿದಳು. ಅವಳ ಹಿಂದೆ ಮೇಜಿನ ಸುತ್ತಲಿನ ಹನ್ನೊಂದು ಹೆಂಗಸರೂ ಹೇಳಿದರು. ಅಷ್ಟೂ ಬಾಯಿಯ ಸೀಟಿಗೆ ರಾಶಿ ಮತ್ತೆ ಸೂರಿಗೆ ಹಾರಿತು. ಈ ಸಲ ಯಾರೂ ಅದನ್ನು ಹಿಡಿಯಲು ಹೋಗಲಿಲ್ಲ.

ಪೆರ್ಸಿದಜ್ಜಿ ತಲೆವಸ್ತ್ರದ ಚುಂಗಿನಿಂದ ಕಣ್ಣೊರೆಸಿಕೊಂಡಳು.

"ಸೀಟಿ ಇನ್ನೊಂಚೂರು ಉದ್ದ ಇರ್ಬೇಕು ಕಣೇ," ಎಂದು ಗದರಿದಳು. "ಎಲ್ಲಿ, ಇನ್ನೊಂದ್ಸಲ ಹೇಳು."