ಒಲೆಗೆ ಕೆನ್ನೆ ಒಡ್ಡುತ್ತಿದ್ದ ಬನ್ನಕ್ಕ

ಬೇಕರಿಯ ಒಲೆ ಕಾದಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ನಮ್ಮ ಬನ್ನಕ್ಕ ಬಾಗಿಲು ತೆರೆದು ಕೆನ್ನೆ ಒಡ್ಡುತ್ತಿದ್ದಳು. ಮನಸ್ಸಿನಲ್ಲೇ ಐದು ಎಣಿಸಿ, "ಹಾಕಿ ಟ್ರೇ" ಅನ್ನುತ್ತಿದ್ದಳು. ಒಂದು ಬನ್ನೂ ಸೀದದ್ದಿಲ್ಲ. ಒಲೆಯ ಬಿಸಿ ತೋರಿಸುವ ಮೀಟರ್ ಕೆಟ್ಟು ಹನ್ನೆರಡು ವರ್ಷವಾಗಿತ್ತು. "ನನ್ನ ತಂಗಿ ಕೆನ್ನೆ ಇರೋವಾಗ ಮೀಟರ್ ಯಾಕೆ?" ಎಂದು ಬೇಕರಿಯ ಯಜಮಾನನಾದ ಅವಳ ಅಣ್ಣ ಬೀಗುತ್ತಿದ್ದ.

ಆದರೆ ಎರಡು ವರ್ಷದಿಂದ ಆ ಕೆನ್ನೆ ಕೆಂಪಾಗುತ್ತಿತ್ತು. ಮೊದಮೊದಲು ಬಂದು ಹೋಗುತ್ತಿದ್ದ ಕೆಂಪು ಆಮೇಲೆ ಮೂಗು, ಗದ್ದಕ್ಕೂ ಹಬ್ಬಿ ಅಲ್ಲೇ ಠಿಕಾಣಿ ಹೂಡಿತು. ಮೊಡವೆಯಂಥ ಗುಳ್ಳೆ ಬೇರೆ, ನೀರು ಸೋಕಿದರೂ ಉರಿ. ಬನ್ನಕ್ಕ ಸುಮ್ಮನಿರುವವಳಲ್ಲ. ನಿಂಬೆರಸ ತಿಕ್ಕಿದಳು. ಪಕ್ಕದ ಮನೆಯವಳು ಕೊಟ್ಟ, ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚಿದಳು. ಒಂದು ವಾರ ಮುಖ ತಿಳಿಯಾಯಿತು, ಬಳಿಕ ಮೊದಲಿಗಿಂತ ಹೆಚ್ಚು ಕೆರಳಿತು.

ಒಂದು ಬೆಳಿಗ್ಗೆ ಅಣ್ಣ ಅವಳ ಮುಖ ನೋಡದೆ ಹೇಳಿದ. "ಸೋಮವಾರದಿಂದ ಒಲೆಗೆ ಬೇರೆಯವರನ್ನ ನೋಡ್ತೀನಿ. ನೀನು ಮನೇಲಿರು."

"ನಾನೇನು ಮಾಡ್ದೆ ಅಣ್ಣಾ?"

"ಕದ್ದು ಕುಡೀತಾಳೆ ಅಂತ ಗಿರಾಕಿಗಳು ಆಡ್ಕೋತಿದಾರೆ. ಅಂಟುರೋಗ ಅಂತಾನೂ ಅಂತಾರೆ. ನಾನು ಎಷ್ಟು ಜನರ ಬಾಯಿ ಮುಚ್ಚಿಸ್ಲಿ?"

"ಅವರ ಮಾತು ಬಿಡು. ನೀನೇನು ಅಂತೀಯ?"

ಅಣ್ಣ ಬಾಯಿ ಬಿಡಲಿಲ್ಲ. ಊರವರ ಮಾತಿಗಿಂತ ಆ ಮೌನವೇ ಬನ್ನಕ್ಕನನ್ನು ಹೆಚ್ಚು ನೋಯಿಸಿತು. ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಬ್ರೆಡ್ ಕೊಳ್ಳಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಇದನ್ನೆಲ್ಲ ಕೇಳಿಸಿಕೊಂಡರು. "ಕಣ್ಣೂ ಉರಿಯತ್ತಾ ನಿಂಗೆ?" ಎಂದು ಕೇಳಿದರು.

"ಮರಳು ಬಿದ್ದಂಗೆ ಆಗತ್ತೆ."

"ಹಂಗಾದ್ರೆ ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸೋಣ. ಯಜಮಾನ್ರೇ, ನೀವೂ ಬನ್ನಿ."

ಡಾಕ್ಟರು ನೋಡಿ, ಇದು ರೊಸೇಶಿಯಾ, ಮುಖ ಕೆಂಪಾಗಿ ಉರಿಯುವ ಚರ್ಮದ ಕಾಯಿಲೆ ಅಂದರು. ಹೊರಗೆ ಬೆಂಚಿನ ಮೇಲೆ ಕೂತ ಅಣ್ಣನಿಗೆ ಇನ್ನೂ ಅನುಮಾನ.

"ಕುಡೀದೇನೇ ಬರತ್ತಾ ಇದು?"

"ಒಂದು ಹನಿ ಮುಟ್ಟದವರಿಗೂ ಬರತ್ತೆ," ಎಂದರು ನರ್ಸಮ್ಮ. "ಅಂಟೋದಿಲ್ಲ. ಮುಖ ತೊಳೀದೆ ಬರೋದೂ ಅಲ್ಲ."

"ಪೂರ್ತಿ ವಾಸಿ ಆಗತ್ತಾ?"

"ಬೇರು ಸಮೇತ ಹೋಗಲ್ಲ, ಹತೋಟೀಲಿ ಇಟ್ಕೊಬಹುದು. ಸೂಕ್ಷ್ಮ ಚರ್ಮ ಇವಳದು, ತಿಕ್ಕೋದು, ನಿಂಬೆರಸ ಎಲ್ಲ ಬಿಡ್ಲಿ. ಆ ಕ್ರೀಮಲ್ಲಿ ಸ್ಟಿರಾಯ್ಡ್ ಇದೆ, ಅದು ಇದನ್ನ ಇನ್ನೂ ಕೆರಳಿಸತ್ತೆ, ಹೇಗೆ ನಿಲ್ಲಿಸ್ಬೇಕು ಅಂತ ಡಾಕ್ಟರ್ ಹೇಳಿದಾರೆ. ಮುಖಕ್ಕೆ ಉಗುರುಬೆಚ್ಚಗಿನ ನೀರು, ಪರಿಮಳ ಇಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನ್. ಬರ್ಕೊಟ್ಟ ಔಷಧ ತಪ್ಪಿಸಬಾರದು. ಕಣ್ಣಿನ ವಿಷಯದಲ್ಲಂತೂ ಉದಾಸೀನ ಬೇಡವೇ ಬೇಡ. ಇನ್ನು, ಯಾವುದರಿಂದ ಕೆರಳತ್ತೆ ಅಂತ ದಿನಾ ಬರೆದಿಡಮ್ಮ. ಒಬ್ಬೊಬ್ಬರಿಗೆ ಒಂದೊಂದು."

"ಆಯ್ತು, ಒಲೆಗೆ ಬೇರೆಯವರು ಸದ್ಯಕ್ಕೆ ಬೇಡ, ಒಂದು ತಿಂಗಳು ನೋಡೋಣ," ಎಂದ ಅಣ್ಣ.

ಬನ್ನಕ್ಕ ಬರೆದಳು. ಖಾರ ತಿಂದ ದಿನ ಏನೂ ಆಗಲಿಲ್ಲ. ಪಾಪ, ಖಾರವೇ ಕಾರಣವೆಂದು ಎರಡು ವರ್ಷ ಸುಮ್ಮನೆ ಸಪ್ಪೆ ಊಟ ಮಾಡಿದ್ದಳು. ಸುಡುಸುಡು ಚಹಾ ಕುಡಿದಾಗ, ಮಧ್ಯಾಹ್ನ ಬಿಸಿಲಲ್ಲಿ ನಡೆದಾಗ ಮುಖ ಉರಿಯಿತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಒಲೆಗೆ ಕೆನ್ನೆ ಒಡ್ಡಿದಾಗ. ತಿಂಗಳ ಕೊನೆಗೆ ಇದನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ಅಣ್ಣನ ಕೈಗಿಟ್ಟಳು. ಅವನು ಎರಡು ಸಲ ಓದಿದ. ಮರುದಿನವೇ ಹೊಸ ಮೀಟರ್ ಹಾಕಿಸಿದ.

"ಈ ಮುಳ್ಳಿಗೇನು ಗೊತ್ತು ಬನ್ನಿನ ಹದ?" ಎಂದು ಬನ್ನಕ್ಕ ಮೂಗು ಮುರಿದಳು. ಮುಳ್ಳು ಎಲ್ಲಿಗೆ ಬಂದರೆ ಟ್ರೇ ಹಾಕಬೇಕೆಂದು ಗಾಜಿನ ಮೇಲೆ ಗೆರೆ ಎಳೆದವಳೂ ಅವಳೇ.

ಮೂರು ತಿಂಗಳಲ್ಲಿ ಗುಳ್ಳೆ ಹೋಯಿತು, ಉರಿ ಇಳಿಯಿತು. ಕೆಂಪು ಮಾತ್ರ ಆಗೀಗ ಇಣುಕುತ್ತದೆ. ಅಂಥದ್ದೇ ಒಂದು ದಿನ ಗಿರಾಕಿಯೊಬ್ಬ ಕಣ್ಣು ಮಿಟುಕಿಸಿ, "ಏನು, ನಿಮ್ಮ ತಂಗಿ ಬೆಳಿಗ್ಗೆನೇ ಏರಿಸಿದಾಳಾ?" ಅಂದ.

ಅಣ್ಣ ಕೈಲಿದ್ದ ಪೊಟ್ಟಣ ಕೆಳಗಿಟ್ಟ. "ಅದು ಚರ್ಮದ ಕಾಯಿಲೆ. ಹನ್ನೆರಡು ವರ್ಷ ಈ ಬೇಕರಿಗೋಸ್ಕರ ಬೆಂಕಿಗೆ ಮುಖ ಕೊಟ್ಟವಳು ಅವಳು. ಅವಳನ್ನ ಅನುಮಾನಿಸಿ ನಾನು ತಪ್ಪು ಮಾಡ್ದೆ. ನೀವು ಮಾಡ್ಬೇಡಿ."

ಒಳಗೆ ಟ್ರೇ ಎಳೆಯುತ್ತಿದ್ದ ಬನ್ನಕ್ಕನ ಕೈ ಒಂದು ಗಳಿಗೆ ನಿಂತಿತು. "ನೀನೇನು ಅಂತೀಯ?" ಎಂದು ಆ ಬೆಳಿಗ್ಗೆ ಕೇಳಿದಾಗಿನಿಂದ ಅವಳು ಕಾದಿದ್ದ ಉತ್ತರ ಅದೇ.

ನಿಮ್ಮ ಮನೆಯಲ್ಲೂ ಯಾರದಾದರೂ ಮುಖ ವಾರಗಟ್ಟಲೆ ಕೆಂಪಾಗಿ ಉರಿಯುತ್ತಿದೆಯೇ? ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರಬಹುದು, ಉರಿಯನ್ನು ಕೇಳಿ ತಿಳಿಯಿರಿ. ಆಡಿಕೊಳ್ಳಬೇಡಿ, ಕಂಡಕಂಡ ಕ್ರೀಮ್ ಹಚ್ಚಬೇಡಿ. ಚರ್ಮದ ಡಾಕ್ಟರ ಬಳಿಗೆ ಕಳಿಸಿ. ಜೊತೆಗೆ ನೀವೂ ಹೋಗಿ.