ರಶ್ಮಿ ಇಟ್ಟ ಮಾತು

ಜ್ಞಾನೇಶನಿಗೆ ಲೆಕ್ಕದ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೆ ಇರಲಿಲ್ಲ. ಹೆಂಡತಿಯ ಮೇಲೂ ಇರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಮೇಷ್ಟ್ರು, ಗೋಪಾಳದಲ್ಲಿ ಮನೆ. ಕೈಯಲ್ಲಿ ಉಳಿದ ದುಡ್ಡನ್ನು ಎಲ್ಲರಂತೆ ಚೀಟಿಗೆ ಹಾಕದೆ ಕ್ರಿಪ್ಟೋಗೆ ಹಾಕಿದ್ದ. ಮನೆಗೆ ಬಂದವರು ಯಾರಾದರೂ, ಅದನ್ನು ಕಂಪ್ಯೂಟರ್ ಇಟ್ಟುಕೊಂಡು ಕದಿಯಬಹುದಲ್ಲವೇ ಎಂದು ಕೇಳಿದರೆ ಸಾಕು, ಅವನ ಮುಖ ಅರಳುತ್ತಿತ್ತು.

"ಪ್ರೈವೇಟ್ ಕೀ ಅಂದ್ರೆ ಒಂದು ನಂಬರ್, ಅಷ್ಟೆ. ಅದು ಗೊತ್ತಿದ್ದೋನಿಗೆ ದುಡ್ಡು. ಆದ್ರೆ ಆ ನಂಬರ್ ಎಷ್ಟು ದೊಡ್ಡದು ಅಂತೀರಿ? ತುಂಗಾ ಹೊಳೆ ಮರಳಲ್ಲಿ ಒಂದು ಕಣಕ್ಕೆ ಗುರುತು ಹಾಕಿ ಬಿಟ್ಬಿಡಿ. ಕಣ್ಣಿಗೆ ಬಟ್ಟೆ ಕಟ್ಕೊಂಡು ಹೋಗಿ ಅದೇ ಕಣ ಎತ್ಕೊಂಡು ಬನ್ನಿ. ಅದಾದ್ರೂ ಆಗ್ಬಹುದು, ಇದಾಗಲ್ಲ. ಲೋಕದ ಕಂಪ್ಯೂಟರೆಲ್ಲ ಸೇರಿ ಒಂದೊಂದೇ ನಂಬರ್ ಹಾಕಿ ನೋಡ್ತಾ ಕೂತ್ರೆ, ಸೂರ್ಯ ಆರಿ ತಣ್ಣಗಾಗಿರ್ತಾನೆ, ಅವು ಇನ್ನೂ ಮೊದಲನೇ ಹಿಡಿ ಮರಳಲ್ಲೇ ಇರ್ತವೆ."

ಬಂದವರು ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಿದ್ದರು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡೋಣ.

ಆದರೆ ಅಷ್ಟುದ್ದದ ನಂಬರನ್ನು ನೆನಪಿಟ್ಟುಕೊಳ್ಳುವುದು ಯಾರಿಂದ ಸಾಧ್ಯ? ಬರೆದಿಟ್ಟರೆ ಯಾರಾದರೂ ನೋಡಿಯಾರು ಎಂಬ ಭಯ. ಅದಕ್ಕೆ ಜ್ಞಾನೇಶ ಒಂದು ಉಪಾಯ ಹಿಡಿದ. ಒಂದು ಸಣ್ಣ ಪ್ರೋಗ್ರಾಮಿಗೆ ಯಾವುದಾದರೂ ವಾಕ್ಯ ಕೊಟ್ಟರೆ ಅದು ಆ ವಾಕ್ಯವನ್ನು ಅರೆದು ಒಂದು ಕೀ ಮಾಡಿಕೊಡುತ್ತದೆ. ಅದೇ ವಾಕ್ಯ ಕೊಟ್ಟರೆ ಯಾವಾಗಲೂ ಅದೇ ಕೀ. ವಾಕ್ಯ ನೆನಪಿದ್ದರೆ ಸಾಕು, ಬೇರೆ ಏನೂ ಬೇಡ. ಅವನು ಆರಿಸಿಕೊಂಡದ್ದು ರಶ್ಮಿಯ ಒಡಪನ್ನು, ಇಂಗ್ಲಿಷ್ ಅಕ್ಷರದಲ್ಲಿ.

ಅವರ ಕಡೆ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಅಡ್ಡ ನಿಂತು ಗಂಡನ ಹೆಸರು ಹೇಳಿಸುತ್ತಾರೆ. ಬರಿ ಹೆಸರು ಹೇಳಿದರೆ ಬಿಡುವುದಿಲ್ಲ, ಪ್ರಾಸ ಕಟ್ಟಿ ಹೇಳಬೇಕು, ಅದೇ ಒಡಪು. ಭದ್ರಾವತಿಯ ಜನ್ನಾಪುರದಿಂದ ಬಂದ ರಶ್ಮಿ ಆರು ವರ್ಷದ ಹಿಂದೆ ತಲೆತಗ್ಗಿಸಿ ನಿಂತು ಹೇಳಿದ್ದಳು: "ಭದ್ರೆ ತುಂಗೆಯ ಸೇರ್ತಾಳೆ ಕೂಡ್ಲಿ ಸಂಗಮದೊಳಗೆ, ಜ್ಞಾನೇಶರ ಹೆಸರು ಹೇಳಿ ಬರ್ತೀನಿ ಈ ಮನೆಯೊಳಗೆ." ಅವಳೇ ಕಟ್ಟಿದ್ದು. ಜ್ಞಾನೇಶನಿಗೆ ಅದು ಎಷ್ಟು ಹಿಡಿಸಿತ್ತೆಂದರೆ, ತನಗಾಗಿ ಹುಟ್ಟಿದ ಮಾತು ತನ್ನ ಬಳಿಯೇ ಇರುತ್ತದೆ ಎಂದು ತಿಳಿದುಬಿಟ್ಟ. ಆ ಕೀಯಿಂದ ತೆರೆಯುವ ವಾಲೆಟ್, ಅಂದರೆ ದುಡ್ಡಿನ ಖಾತೆ, ಮಾಡಿದ ದಿನ ರಶ್ಮಿಯೊಬ್ಬಳಿಗೆ ಹೇಳಿದ. "ನಂಗೇನಾದ್ರೂ ಆದ್ರೆ ನಿನ್ನ ಒಡಪು ಹಾಕಿ ತೆಕ್ಕೋ," ಎಂದ. ಅವಳು ನಾಚಿ ನಕ್ಕಿದ್ದಳು.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಾ ಫೋನ್ ನೋಡಿದರೆ ವಾಲೆಟ್ ಖಾಲಿ. ಗೊತ್ತಿಲ್ಲದ ಯಾವುದೋ ವಿಳಾಸಕ್ಕೆ ಎಲ್ಲವೂ ಹೋಗಿತ್ತು, ಗುಡಿಸಿ ಬಾಚಿದ ಹಾಗೆ.

ಆಗ ಅವನು ಲೆಕ್ಕ ಹಾಕಿದ. ಕೀ ಊಹಿಸುವುದು ಯಾರಿಂದಲೂ ಆಗದ ಮಾತು. ಕೀಗೆ ಇಟ್ಟ ಮಾತು ಯಾವುದೆಂದು ಗೊತ್ತಿದ್ದವರು ಇಬ್ಬರು. ತೆಗೆದವನು ತಾನಲ್ಲ. ಉಳಿದವರು ಯಾರು ಎಂದು ಕೇಳಲು ಸಂಖ್ಯಾಶಾಸ್ತ್ರ ಓದಬೇಕಾಗಿಲ್ಲ.

"ಮಧುಗೆ ಏನಾದ್ರೂ ಹೇಳಿದ್ಯಾ?" ಎಂದ. ಮಧು ಅವಳ ತಮ್ಮ.

"ನಾನ್ಯಾಕೆ ಹೇಳಲಿ?"

"ಹಂಗಾದ್ರೆ ತಾನಾಗೇ ಹೋಯ್ತಾ? ರಶ್ಮಿ, ಇದು ಊಹೆ ಮಾಡೋಕಾಗೋ ವಿಷಯ ಅಲ್ಲ. ನೀನು ಹೇಳ್ದೆ ಹೋಗೋಕೆ ಸಾಧ್ಯನೇ ಇಲ್ಲ."

ಅವಳು ದೋಸೆ ಹೆಂಚಿನ ಮುಂದೆ ಸಟ್ಟುಗ ಹಿಡಿದು ನಿಂತಿದ್ದವಳು ಸ್ಟವ್ ಆರಿಸಿದಳು. ಅಳಲಿಲ್ಲ, ಜಗಳ ಆಡಲಿಲ್ಲ. ಅಂದೇ ಮಧ್ಯಾಹ್ನ ಭದ್ರಾವತಿ ಬಸ್ಸು ಹತ್ತಿದಳು. ಜ್ಞಾನೇಶ ತಡೆಯಲಿಲ್ಲ. ತಪ್ಪಿತಸ್ಥರು ಹೀಗೇ ಸುಮ್ಮನೆ ಹೋಗುತ್ತಾರೆ ಎಂದು ಅವನಿಗೆ ಅನ್ನಿಸಿತು. ಬುದ್ಧಿವಂತರ ದಡ್ಡತನಕ್ಕೆ ಮದ್ದಿಲ್ಲ.

ಕಂಪ್ಯೂಟರ್ ವಿಭಾಗದ ಜಮ್ಶೀದ್ ಅವನ ಸಹೋದ್ಯೋಗಿ, ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಗೆಳೆಯ. ಅವನ ಮುಂದೆ ಜ್ಞಾನೇಶ ವಿಷಯ ಬಿಚ್ಚಿದ. ಜಮ್ಶೀದ್ ಪೂರ್ತಿ ಕೇಳಿದ.

"ಜ್ಞಾನೇಶ್, ಅದೇ ವಾಲೆಟ್ಟಿಗೆ ಒಂದು ಚೂರು ದುಡ್ಡು ವಾಪಸ್ ಹಾಕು ಮಾರಾಯ. ಚಾ ಕುಡಿಯೋ ಅಷ್ಟು. ಏನಾಗ್ತದೆ ನೋಡೋಣ."

ಹಾಕಿದರು. ಪರದೆಯ ಮೇಲೆ ದುಡ್ಡು ಬಂತು ಎಂದು ತೋರಿಸಿತು. ಜಮ್ಶೀದ್ ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಅದು ಇರಲಿಲ್ಲ. ಮತ್ತೆ ಹಾಕಿದರು. ಮತ್ತೆ ಇಲ್ಲ. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು, ಮೈದಾನದಲ್ಲಿ ಹುಡುಗರು ವಾಲಿಬಾಲ್ ಆಡುತ್ತಿದ್ದರು. ಜ್ಞಾನೇಶ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

"ಇದು ಮಧು ಅಲ್ಲ," ಎಂದ ಜಮ್ಶೀದ್. "ಮನುಷ್ಯ ಇಷ್ಟು ಬೇಗ ಕೈ ಹಾಕಲ್ಲ. ಇಂಥ ಪ್ರೋಗ್ರಾಮ್‌ಗಳಿದಾವೆ, ಬಾಯಿ ತೆಕ್ಕೊಂಡು ಕೂತಿರ್ತವೆ. ನೀನು ಹೇಳೋದು ಸರಿ, ನಂಬರ್ ಯಾರೂ ಊಹೆ ಮಾಡೋಕಾಗಲ್ಲ. ಅವು ನಂಬರ್ ಹುಡುಕಲ್ಲ, ಮಾತು ಹುಡುಕ್ತವೆ. ಜನ ನೆಟ್ಟಲ್ಲಿ ಬರೆದಿದ್ದು, ಹಾಡಿದ್ದು, ಬೈದಿದ್ದು, ಎಲ್ಲ ತಿಂದಿರ್ತವೆ. ಅಕ್ಷರ ಹಿಂದೆಮುಂದೆ ಮಾಡಿ ಒಂದೊಂದನ್ನೂ ಕೀ ಮಾಡಿ ನೋಡ್ತವೆ. ನೀನು ಮರಳಲ್ಲಿ ಎಲ್ಲೋ ಬಚ್ಚಿಟ್ಟಿಲ್ಲ. ಕಾಲುದಾರಿ ಪಕ್ಕದಲ್ಲೇ ಇಟ್ಟಿದೀಯ."

ಜ್ಞಾನೇಶ ಒಪ್ಪಲಿಲ್ಲ. ನೆಟ್ಟಿನಲ್ಲಿ ಇರಲು ಸಾಧ್ಯವೇ ಇಲ್ಲದ ಮಾತುಗಳನ್ನು ಹುಡುಕಿ ಒಂದೊಂದಕ್ಕೂ ಹೊಸ ವಾಲೆಟ್ ಮಾಡಿ ಚೂರು ಚೂರು ಹಾಕುತ್ತಾ ಹೋದ. ಅವ್ವ ಸಂಜೆ ದೀಪ ಹಚ್ಚುವಾಗ ತನ್ನಷ್ಟಕ್ಕೆ ಅನ್ನುತ್ತಿದ್ದ ಸಾಲು ಹಾಕಿದ, ದುಡ್ಡು ಹೋಯಿತು. ಜ್ವರ ಬಂದಾಗ ಅಜ್ಜಿ ಹಣೆ ಸವರಿ ಹೇಳುತ್ತಿದ್ದ ಮಾತು ಹಾಕಿದ. ಅಜ್ಜಿ ಸತ್ತು ಎಷ್ಟೋ ಕಾಲವಾಗಿದೆ, ಅವಳಿಗೆ ಓದು ಬರಹ ಇರಲಿಲ್ಲ, ಫೋನು ಕಂಡವಳಲ್ಲ. ಅದು ಒಂದು ದಿನ ಇತ್ತು. ಮಾರನೆಯ ದಿನ ನೋಡಿದರೆ ಇಲ್ಲ. ಅಜ್ಜಿಯ ಕೈಯ ವಾಸನೆ ಯಾರೋ ಮೂಸಿ ಹೋದ ಹಾಗೆ ಅವನಿಗೆ ಅಸಹ್ಯವಾಯಿತು. ಆಮೇಲೆ ಹೆದರಿಕೆಯೂ ಆಯಿತು.

"ಅದು ನಮ್ಮಜ್ಜಿ ನಂಗೊಬ್ಬನಿಗೇ ಹೇಳಿದ್ದು," ಎಂದ.

"ಹಾಗೆ ಹೇಳಿದ ಅಜ್ಜಿ ಅವರೊಬ್ಬರೇ ಅಂತ ನಿಂಗೆ ಯಾರು ಹೇಳಿದ್ರು?" ಎಂದ ಜಮ್ಶೀದ್.

ಒಡಪು ಹೇಗೆ ಹೊರಬಿತ್ತು ಎನ್ನುವುದು ಆ ವಾರವೇ ತಿಳಿಯಿತು. ಜ್ಞಾನೇಶನ ಅಕ್ಕ ವೀಣಾ, ಸವಳಂಗ ರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು, ಅಂಗಡಿಯ ಪ್ರಚಾರಕ್ಕೆ ಸಣ್ಣ ಸಣ್ಣ ವಿಡಿಯೋ ಹಾಕುತ್ತಿದ್ದಳು. ಮದುವೆಯ ಸೀಸನ್ ಬಂತೆಂದು ತಮ್ಮನ ಹೊಸ್ತಿಲಿನ ಹಳೆಯ ವಿಡಿಯೋ ಹಾಕಿ, ಕೆಳಗೆ ಒಡಪನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ನಿಮ್ಮೆಜಮಾನರ ಹೆಸರು ಸೇರಿಸಿ ಹೇಳಿ ಎಂದಿದ್ದಳು. ಊರೂರಿನ ಹೆಂಗಸರು ಗಂಡಂದಿರ ಹೆಸರು ಸೇರಿಸಿ ಬರೆದಿದ್ದರು. ವಾಲೆಟ್ ಖಾಲಿಯಾದದ್ದು ಅದರ ಮಾರನೆಯ ವಾರ.

"ನಿಂಗೆ ಯಾರು ಹಾಕು ಅಂದ್ರು?" ಎಂದು ಅವನು ರೇಗಿದ.

"ಒಡಪು ಇರೋದೇ ಹಂಚೋಕೆ ಕಣೋ," ಎಂದಳು ವೀಣಾ. "ಅವತ್ತೇ ಬಾಗಿಲಲ್ಲಿ ನಿಂತಿದ್ದೋರೆಲ್ಲ ಬರ್ಕೊಂಡಿದ್ರು. ನಾನೇ ಎರಡು ಮದುವೇಲಿ ಹೇಳಿದೀನಿ, ನಿಮ್ ಭಾವನ ಹೆಸರು ಸೇರಿಸಿ."

ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಹೆಸರು ಹೇಳಿಸಿಕೊಳ್ಳುವ ಗಂಡಸು ಮಾತ್ರ ಆ ಮಾತು ತನ್ನದೆಂದುಕೊಂಡು ಕೂತಿರುತ್ತಾನೆ. ಜ್ಞಾನೇಶನಿಗೆ ತನ್ನ ಮೇಲೆ ನಾಚಿಕೆ ಬಂತು, ನಿಜವಾದ ನಾಚಿಕೆ. ಮೊದಲ ಬಸ್ಸಿಗೆ ಭದ್ರಾವತಿಗೆ ಹೋದ.

ಜನ್ನಾಪುರದ ಮನೆಯ ಜಗಲಿಯಲ್ಲಿ ಅತ್ತೆ ಶಕುಂತಲಮ್ಮ ಸೊಪ್ಪು ಬಿಡಿಸುತ್ತಿದ್ದರು. "ಬನ್ನಿ," ಎಂದರು, ಕೂತುಕೊಳ್ಳಿ ಎನ್ನಲಿಲ್ಲ. ರಶ್ಮಿ ಬಾಗಿಲಿಗೆ ಬಂದು ನಿಂತಳು. ಅವನು ನಡೆದದ್ದನ್ನೆಲ್ಲ ಹೇಳಿದ. ಬಾಯಿ ತೆರೆದು ಕೂತ ಪ್ರೋಗ್ರಾಮ್, ವೀಣಾಳ ವಿಡಿಯೋ, ಅಜ್ಜಿಯ ಮಾತು, ಒಂದೂ ಬಿಡಲಿಲ್ಲ.

"ತಪ್ಪಾಯ್ತು ರಶ್ಮಿ. ಮನೆಗೆ ಬಾ."

"ಅದು ಯಾರು ತಿಂದಿದ್ದು ಅಂತ ಈಗ ಗೊತ್ತಾಯ್ತು, ಅದಕ್ಕೆ ನಾನು ಒಳ್ಳೇಳಾದೆ," ಎಂದಳು ಅವಳು. "ಗೊತ್ತಾಗದೆ ಇದ್ದಿದ್ರೆ ಏನಾಗಿರ್ತಿದ್ದೆ ರೀ?"

ಅವನು ಕೈಯಲ್ಲಿದ್ದ ಬಸ್ಸಿನ ಟಿಕೆಟು ಮಡಚತೊಡಗಿದ.

"ಆ ವಾಲೆಟ್ ಮಾಡೋ ಪ್ರೋಗ್ರಾಮ್ ನನ್ನ ಫೋನಲ್ಲೂ ಹಾಕ್ಕೊಟ್ಟಿದ್ರಲ್ಲ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಫೋನು ಹಿಡಿದಳು. ಪರದೆಯಲ್ಲಿ ಒಂದು ಹೊಸ ವಾಲೆಟ್ಟಿನ ವಿಳಾಸವಿತ್ತು. "ಇದಕ್ಕೆ ಒಂದು ಚೂರು ದುಡ್ಡು ಹಾಕಿ. ಇದರ ಕೀಗೆ ನಾನೊಂದು ಮಾತು ಇಟ್ಟಿದೀನಿ. ಹೊಸದೇನಲ್ಲ, ಆ ಮನೇಲಿದ್ದಷ್ಟು ದಿನ ನಿಮಗೆ ದಿನಾ ಹೇಳ್ತಿದ್ದಿದ್ದೇ. ಅದನ್ನ ಹಾಕಿ ದುಡ್ಡು ತೆಗೀರಿ. ತೆಗೆದ ದಿನ ನಾನಾಗೇ ಬರ್ತೀನಿ."

"ಊಹೆ ಮಾಡೋದು ಎಷ್ಟು ಕಷ್ಟ ಅಂತ ನಿಂಗೆ..."

"ಕಂಡೋರಿಗೆ ಕಷ್ಟ. ನೀವು ಕಂಡೋರಾ?"

ಶಕುಂತಲಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಜ್ಞಾನೇಶ ಅಲ್ಲೇ ಒಂದು ಚೂರು ದುಡ್ಡು ಹಾಕಿದ, ಬಸ್ಸಿನಲ್ಲಿ ವಾಪಸ್ ಬರುವಾಗ ಸಮಾಧಾನದಿಂದಲೇ ಇದ್ದ. ದಿನಾ ಕೇಳಿದ ಮಾತು, ನಾಳೆಯೊಳಗೆ ತೆಗೆದು ಸಂಜೆಗೆ ಕರೆದುಕೊಂಡು ಬಂದರಾಯಿತು ಎಂದುಕೊಂಡ.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಕೂತ. ತಿಂಡಿ ಆಯ್ತು ಬನ್ನಿ, ಹುಷಾರಾಗಿ ಹೋಗಿ, ಹೆಲ್ಮೆಟ್ ಮರೀಬೇಡಿ, ಬರುವಾಗ ಮೊಸರು ತನ್ನಿ. ಒಂದೊಂದನ್ನೂ ನಾನಾ ಕಾಗುಣಿತದಲ್ಲಿ ಹಾಕಿ ನೋಡುವಂತೆ ಪ್ರೋಗ್ರಾಮ್ ಬರೆದ. ಯಾವುದೂ ತೆರೆಯಲಿಲ್ಲ. ಇನ್ನೇನು ಹೇಳುತ್ತಿದ್ದಳು? ಅವನು ಯೋಚಿಸುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ರಶ್ಮಿಯ ಬಗ್ಗೆ ತನಗೆ ಗೊತ್ತಿದ್ದದ್ದೆಲ್ಲ ಮುಗಿದುಹೋಯಿತು. ಆರು ವರ್ಷದ ಸಂಸಾರ ಒಂದು ಹೊತ್ತಿನ ಊಟದಷ್ಟೂ ಬರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಅವನಿಗೆ ಅಳು ಬಂತು.

ಆಮೇಲೆ ಅವನು ಬೇರೆ ದಾರಿ ಹಿಡಿದ. ಅವಳು ಮಾತಾಡುತ್ತಿದ್ದ ಜಾಗಗಳಲ್ಲಿ ಹೋಗಿ ನಿಲ್ಲತೊಡಗಿದ. ಬೆಳಿಗ್ಗೆ ಸ್ಕೂಟರ್ ಹೊರಗೆ ತಂದು, ಗೇಟು ಅರ್ಧ ತೆರೆದು, ಹಿಂದೆ ತಿರುಗದೆ ಕಾಯುತ್ತಿದ್ದ. ಅವಳು ಅಲ್ಲಿಂದಲೇ ಏನೋ ಹೇಳುತ್ತಿದ್ದಳು, ಅದು ಖಂಡಿತ. ಅವನು ಹೂಂ ಎಂದು ಗಾಡಿ ಬಿಡುತ್ತಿದ್ದ. ಕಣ್ಣು ಮುಚ್ಚಿ ನಿಂತರೆ ಬೆನ್ನ ಹಿಂದೆ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಶುರುವಿನಲ್ಲಿ ಸ್ವಲ್ಪ ಏರಿ, ಕೊನೆಗೆ ಪ್ರಶ್ನೆಯ ಹಾಗೆ ನಿಲ್ಲುತ್ತಿತ್ತು. ಆದರೆ ಅದರಲ್ಲಿ ಮಾತೇ ಇರುತ್ತಿರಲಿಲ್ಲ. ಪಕ್ಕದ ಮನೆಯ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ, ದನಿಯಷ್ಟೇ ಇತ್ತು. ಅವನು ಆ ದನಿಯ ಉದ್ದಕ್ಕೆ ಹೊಂದುವ ಮಾತುಗಳನ್ನು ಜೋಡಿಸಿ ಜೋಡಿಸಿ ಪ್ರೋಗ್ರಾಮಿಗೆ ಕೊಟ್ಟ. ಎದುರುಮನೆಯ ವೆಂಕಟಾಚಲ ಒಂದು ದಿನ, "ಏನ್ಸಾರ್, ಗಾಡಿ ಸ್ಟಾರ್ಟ್ ಆಗ್ತಿಲ್ವಾ?" ಎಂದು ಕೇಳಿದ. ಜ್ಞಾನೇಶ ಹೌದು ಎಂದ.

ದಸರಾ ಕಳೆಯಿತು. ಅವನು ಇಳಿದುಹೋಗಿದ್ದ. ಒಂದೇ ನೆಮ್ಮದಿಯೆಂದರೆ ರಶ್ಮಿ ಇಟ್ಟ ಮಾತಿನ ವಾಲೆಟ್ಟಿನಲ್ಲಿ ಆ ಚೂರು ದುಡ್ಡು ಹಾಗೇ ಇತ್ತು. ಅದಕ್ಕೂ ಸಿಕ್ಕಿಲ್ಲ, ನನಗೂ ಸಿಕ್ಕಿಲ್ಲ ಎಂದು ದಿನಾ ನೋಡಿ ಸಮಾಧಾನ ಪಡುತ್ತಿದ್ದ. ಇಡೀ ಲೋಕದ ಮಾತು ತಿಂದ ಆ ಬಾಯಿ ಮತ್ತು ಅವನು, ಒಂದೇ ಬಾಗಿಲ ಮುಂದೆ ಜೊತೆಯಲ್ಲಿ ತಡಕುತ್ತಾ ನಿಂತಿದ್ದರು. ಕೆಲವೊಮ್ಮೆ ಪಕ್ಕದಲ್ಲಿ ಅದರ ಉಸಿರು ಕೇಳಿಸಿದಂತಾಗಿ ಅವನು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಅಭ್ಯಾಸದಂತೆ ಫೋನು ನೋಡಿದ. ವಾಲೆಟ್ ಖಾಲಿ.

ಅವನ ಮನಸ್ಸು ಅದೇ ಹಳೇ ಜಾಡಿಗೆ ಬಿತ್ತು. ಮಾತು ಗೊತ್ತಿದ್ದವಳು ರಶ್ಮಿಯೊಬ್ಬಳೇ, ಅವಳೇ ತೆಗೆದಿರಬೇಕು. ತಕ್ಷಣ ತನ್ನ ಬಗ್ಗೆಯೇ ಹೇಸಿಗೆಯಾಗಿ ತಲೆ ಹಿಡಿದುಕೊಂಡ. ಅಷ್ಟರಲ್ಲಿ ಫೋನು ಬಂತು, ರಶ್ಮಿಯದು.

"ತೆಗೆದ್ರಾ?" ಎಂದಳು. "ಈಗ ನೋಡ್ದೆ. ದಿನಾ ನೋಡ್ತಿದ್ದೆ ರೀ. ಅಮ್ಮಂಗೆ ಹೇಳಿದ್ದೆ, ಅವ್ರಿಗೆ ಗೊತ್ತಾಗಲ್ಲಮ್ಮ, ಅವ್ರು ನಾನು ಹೇಳಿದ್ದು ಒಂದು ದಿನಾನೂ ಕಿವಿಗೆ ಹಾಕ್ಕೊಂಡಿಲ್ಲ ಅಂತ. ಹಾಕ್ಕೊಂಡಿದ್ರಿ, ಅಲ್ವಾ?"

"ಹೂಂ," ಎಂದ ಜ್ಞಾನೇಶ. ಗೇಟಿನ ಬಳಿ ಆರು ವರ್ಷ ಅಂದ ಅದೇ ಹೂಂ, ತಾನಾಗಿ ಬಾಯಿಗೆ ಬಂದಿತ್ತು.

"ಬ್ಯಾಗ್ ತುಂಬ್ತಿದೀನಿ. ಸಂಜೆ ಬಸ್ಸಿಗೆ ಬರ್ತೀನಿ." ಅವಳು ಅಳುತ್ತಾ ನಗುತ್ತಿದ್ದಳು. ಆ ಕಡೆಯಿಂದ ಬಟ್ಟೆ ಮಡಚುವ, ಕಪಾಟು ಮುಚ್ಚುವ ಸದ್ದು ಕೇಳುತ್ತಿತ್ತು. "ಒಂದ್ಸಲ ಹೇಳಿ ರೀ. ನಿಮ್ಮ ಬಾಯಲ್ಲಿ ಅದನ್ನ ಒಂದೇ ಒಂದು ಸಲ ಕೇಳ್ಬೇಕು ನಂಗೆ."

ಜ್ಞಾನೇಶ ಬಾಯಿ ತೆರೆದ. ಎದುರಿಗೆ ಜಮ್ಶೀದ್ ತಲೆಯೆತ್ತಿ ನೋಡಿದ. ಕಿವಿಯಲ್ಲಿ ಆ ದನಿ ಏರಿತು, ಪ್ರಶ್ನೆಯ ಹಾಗೆ ನಿಂತಿತು, ಮಾತು ಮಾತ್ರ ಬರಲಿಲ್ಲ. ಅವನು ಫೋನು ಹಿಡಿದೇ ಇದ್ದ. ಆ ಕಡೆ ಬಟ್ಟೆಯ ಸದ್ದು ನಿಂತಿತು.

ಆಮೇಲೆ ರಶ್ಮಿ ಕೇಳಿದಳು. "ಹಂಗಾದ್ರೆ ನನ್ನ ಮಾತು ಕೇಳಿಸ್ಕೊಂಡಿದ್ದು ಯಾರು ರೀ?"